ನ್ಯೂಯಾರ್ಕಿನ ಐರಿಷ್ ವಲಸಿಗರ ಸಂಘವೂ ಅದರ ಬ್ಯಾಂಕೂ

ತಾಯ್ನಾಡನ್ನು ಬಿಟ್ಟು ಪರಸ್ಥಳದಲ್ಲಿ ನೆಲಸಿದ ಜನರು ಕಟ್ಟಿಕೊಂಡ ಸಂಘಸಂಸ್ಥೆಗಳ ಚರಿತ್ರೆಯನ್ನು ಬರೆಯಹೊರಟವರಿಗೆ ದೊರೆಯುವ ಸಾಮಗ್ರಿ ಸಾಮಾನ್ಯವಾಗಿ ಎರಡು ಬಗೆಯದು. ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆ, ಅಧ್ಯಕ್ಷಭಾಷಣ, ಸ್ಮರಣಸಂಚಿಕೆ ಮೊದಲಾದವು ಒಂದು ಬಗೆ. ಸಂಘದ ಲೆಕ್ಕಪತ್ರಗಳು ಇನ್ನೊಂದು. ಮೊದಲನೆಯದನ್ನು ಸಂಶೋಧಕರು ಆಸ್ಥೆಯಿಂದ ಕಾಪಾಡುತ್ತಾರೆ. ಎರಡನೆಯದನ್ನು ಲೆಕ್ಕಪರಿಶೋಧಕನು ಒಮ್ಮೆ ನೋಡಿದನೆಂದರೆ ಮತ್ತೆ ಯಾರೂ ತೆರೆಯುವುದಿಲ್ಲ. ಗೆದ್ದಲು ಮಾತ್ರ ತೆರೆಯುತ್ತದೆ. ನ್ಯೂಯಾರ್ಕ್ ನಗರದಲ್ಲಿ 1841ರಲ್ಲಿ ಸ್ಥಾಪಿತವಾದ ಐರಿಷ್ ವಲಸಿಗರ ಸಂಘದ ವಿಷಯದಲ್ಲಿ ಈ ಕ್ರಮವು ತಿರುಗುಮುರುಗಾಗಿರುವುದು ಗಮನಾರ್ಹವಾಗಿದೆ. ಆ ಸಂಘದವರ ಭಾಷಣಗಳನ್ನು ಈಗ ಕೇಳುವವರಿಲ್ಲ. ಆದರೆ ಸಂಘದ ಆಶ್ರಯದಲ್ಲಿ ಹುಟ್ಟಿದ ಉಳಿತಾಯ ಬ್ಯಾಂಕಿನ ಗುಮಾಸ್ತರು ದಿನನಿತ್ಯದ ಅವಶ್ಯಕತೆಗಾಗಿ ಬರೆದಿಟ್ಟ ಖಾತೆಪುಸ್ತಕಗಳು ಒಂದು ಜನಾಂಗದ ಕುಲಚರಿತ್ರೆಗೆ ಪ್ರಮುಖ ಆಧಾರಗಳಲ್ಲೊಂದಾಗಿ ಉಳಿದಿವೆ.

ಅಮೆರಿಕೆಯಲ್ಲಿ ಐರಿಷರ ಸಂಘಗಳು ಇದಕ್ಕಿಂತ ಬಹಳ ಹಳೆಯವು. ಬಾಸ್ಟನ್ ನಗರದ ಧರ್ಮಾರ್ಥ ಐರಿಷ್ ಸಂಘವು 1737ರಲ್ಲಿಯೇ ಹುಟ್ಟಿತು. ಫಿಲಡೆಲ್ಫಿಯಾದಲ್ಲಿ 1771ರಲ್ಲಿ, ನ್ಯೂಯಾರ್ಕಿನಲ್ಲಿ 1784ರಲ್ಲಿ ಸಂತ ಪ್ಯಾಟ್ರಿಕ್‌ನ ಹೆಸರಿನ ಮಿತ್ರಮಂಡಲಿಗಳು ಏರ್ಪಟ್ಟವು. ಇವುಗಳ ಸದಸ್ಯರು ಬಹುಮಟ್ಟಿಗೆ ಸ್ಥಿತಿವಂತ ವರ್ತಕರು. ಅವರಲ್ಲಿ ಪ್ರಾಟೆಸ್ಟಂಟರೂ ಹೆಚ್ಚಾಗಿದ್ದರು. ಮಾರ್ಚ್ 17ರ ಉತ್ಸವದ ದಿನ ಔತಣ, ದೇಶಾಭಿಮಾನದ ಮಾತು, ಕಷ್ಟದಲ್ಲಿದ್ದ ದೇಶಬಾಂಧವರಿಗಾಗಿ ಒಂದಿಷ್ಟು ನಿಧಿ, ಇವೇ ಅವುಗಳ ಮುಖ್ಯ ಕಾರ್ಯಕಲಾಪ. ಅವುಗಳನ್ನು ಹಗುರವಾಗಿ ಕಾಣಬೇಕಾಗಿಲ್ಲ. ಆದರೆ ಹಡಗಿನಿಂದಿಳಿದ ಬಡ ಕೂಲಿಕಾರನಿಗೂ ಆ ಔತಣದ ಮೇಜಿಗೂ ಬಹಳ ದೂರವಿತ್ತು. ಈ ದೂರವನ್ನು ಕಡಿಮೆ ಮಾಡುವ ಪ್ರಯತ್ನವೊಂದು 1817ರ ಸುಮಾರಿಗೆ ನಡೆಯಿತು. ಐರ್ಲೆಂಡಿನ ಕ್ರಾಂತಿಕಾರಿ ರಾಬರ್ಟ್ ಎಮೆಟ್‌ನ ಅಣ್ಣನೂ ನ್ಯೂಯಾರ್ಕಿನ ಖ್ಯಾತ ವಕೀಲನೂ ಆಗಿದ್ದ ಥಾಮಸ್ ಆಡಿಸ್ ಎಮೆಟ್‌ನ ನೇತೃತ್ವದಲ್ಲಿ ವಲಸಿಗರ ಮಂಡಲಿಯೊಂದು ರಚಿತವಾಗಿ, ಐರಿಷ್ ಒಕ್ಕಲಿಗರಿಗೆ ಇಲಿನಾಯ್ ಪ್ರಾಂತದಲ್ಲಿ ಭೂಮಿಯನ್ನು ಮೀಸಲಿಡಬೇಕೆಂದು ಅಮೆರಿಕೆಯ ಕಾಂಗ್ರೆಸಿಗೆ ಮನವಿ ಸಲ್ಲಿಸಿತು. 1818ರಲ್ಲಿ ಕಾಂಗ್ರೆಸು ಅದನ್ನು ತಿರಸ್ಕರಿಸಿತು. ಐರಿಷರು ಅಮೆರಿಕೆಯಲ್ಲಿ ಬೇಸಾಯಗಾರರಾಗುವುದಕ್ಕಿಂತ ಹೆಚ್ಚಾಗಿ ನಗರವಾಸಿಗಳಾದುದಕ್ಕೆ ಇದೊಂದೇ ಕಾರಣವಲ್ಲ. ಆದರೆ ಆ ಬಾಗಿಲು ಅಂದು ಮುಚ್ಚಿದುದಂತೂ ನಿಜ.

1841ರ ಸಂಘದ ಹಿಂದೆ ನಿಂತವನು ಜಾನ್ ಹ್ಯೂಸ್ ಎಂಬ ಪಾದ್ರಿ. ಐರ್ಲೆಂಡಿನ ಟೈರೋನ್ ಕೌಂಟಿಯಲ್ಲಿ 1797ರಲ್ಲಿ ಜನಿಸಿದ ಈತನು ಬಡ ರೈತನ ಮಗ. ಅಮೆರಿಕೆಗೆ ಬಂದ ಹೊಸದರಲ್ಲಿ ತೋಟದ ಕೆಲಸ ಮಾಡಿ ಜೀವಿಸಿದವನು. 1842ರಲ್ಲಿ ನ್ಯೂಯಾರ್ಕಿನ ಬಿಷಪ್ಪನಾಗಿ, 1850ರಲ್ಲಿ ಆರ್ಚ್‌ಬಿಷಪ್ಪನಾಗಿ ಐರಿಷ್ ಕ್ಯಾಥೊಲಿಕರ ಪ್ರಶ್ನಾತೀತ ಮುಖಂಡನೆನಿಸಿದನು. ಹೊಸದಾಗಿ ಬಂದವರಿಗೆ ಬುದ್ಧಿವಾದ ಹೇಳುವುದು, ಕೆಲಸ ಹುಡುಕಿಕೊಡುವುದು, ಮೋಸಗಾರರಿಂದ ಕಾಪಾಡುವುದು ಇವು ಸಂಘದ ಆರಂಭದ ಉದ್ದೇಶಗಳು.

ಇವುಗಳಲ್ಲಿ ಮೂರನೆಯದೇ ಅತ್ಯಂತ ಜರೂರಾದುದಾಗಿತ್ತು. ಅಂದಿನ ನ್ಯೂಯಾರ್ಕ್ ಬಂದರಿನಲ್ಲಿ 'ರನ್ನರ್'ಗಳೆಂಬ ದಲ್ಲಾಳಿಗಳ ಹಾವಳಿ ಅತಿಯಾಗಿತ್ತು. ಹಡಗು ದಡ ಸೇರುವುದರೊಳಗಾಗಿ ಇವರು ಅದನ್ನು ಹತ್ತಿ, ಬಂದವರೊಡನೆ ಅವರ ಊರ ಮಾತಿನಲ್ಲಿಯೇ ಮಾತನಾಡಿ, ಗಂಟುಮೂಟೆಗಳನ್ನು ಎತ್ತಿಕೊಂಡು ಯಾವುದೋ ವಸತಿಗೃಹಕ್ಕೆ ಕರೆದೊಯ್ಯುತ್ತಿದ್ದರು. ಅಲ್ಲಿ ಬಾಡಿಗೆಯ ಲೆಕ್ಕವು ಹೇಳಿದ್ದಕ್ಕಿಂತ ಹಲವು ಪಟ್ಟು ಬೆಳೆದು, ಅದನ್ನು ತೆರಲಾರದವನ ಗಂಟು ಮನೆಯೊಡೆಯನ ಪಾಲಾಗುತ್ತಿತ್ತು. ಒಳನಾಡಿಗೆ ಹೋಗುವವರಿಗೆ ನಕಲಿ ಟಿಕೆಟುಗಳನ್ನು ಮಾರುವುದು ಇನ್ನೊಂದು ವ್ಯಾಪಾರ. ಹೀಗೆ ಸುಲಿಯುವವರಲ್ಲಿ ಅನೇಕರು ಸ್ವತಃ ಐರಿಷರೇ ಆಗಿದ್ದರೆಂಬುದು ಈ ಕಥೆಯ ಅತ್ಯಂತ ಕಹಿಯಾದ ಭಾಗ. ಪರದೇಶದಲ್ಲಿ ಸ್ವಭಾಷೆಯ ಒಂದು ಮಾತು ಕಿವಿಗೆ ಬಿದ್ದೊಡನೆ ಮನುಷ್ಯನ ಎಚ್ಚರವು ಸಡಿಲವಾಗುತ್ತದೆ; ವಂಚಕನಿಗೆ ಬೇಕಾದುದೂ ಅದೇ.

1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯ ಬೆಳೆಗೆ ತಗುಲಿದ ರೋಗವು ಈ ಚಿಕ್ಕ ಸಂಘವನ್ನು ದೊಡ್ಡ ಹೊಣೆಗೆ ಈಡುಮಾಡಿತು. ಕ್ಷಾಮದ ವಿವರಗಳನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. 1841ರ ಜನಗಣತಿಯಲ್ಲಿ ಸುಮಾರು 82 ಲಕ್ಷವಿದ್ದ ಐರ್ಲೆಂಡಿನ ಜನಸಂಖ್ಯೆಯು 1851ರ ವೇಳೆಗೆ ಸುಮಾರು 65 ಲಕ್ಷಕ್ಕೆ ಇಳಿಯಿತು. ಸುಮಾರು ಹತ್ತು ಲಕ್ಷ ಜನರು ಹಸಿವಿನಿಂದಲೂ ಜ್ವರದಿಂದಲೂ ಮಡಿದರು. ಅಷ್ಟೇ ಸಂಖ್ಯೆಯ ಅಥವಾ ಅದಕ್ಕೂ ಮಿಕ್ಕ ಜನರು ದೇಶ ಬಿಟ್ಟರು. 1855ರಲ್ಲಿ ನ್ಯೂಯಾರ್ಕ್ ನಗರದ ನಿವಾಸಿಗಳಲ್ಲಿ ನಾಲ್ಕರಲ್ಲೊಬ್ಬರಿಗಿಂತ ಹೆಚ್ಚು ಮಂದಿ ಐರ್ಲೆಂಡಿನಲ್ಲಿ ಹುಟ್ಟಿದವರಾಗಿದ್ದರು.

1847ರಲ್ಲಿ ನ್ಯೂಯಾರ್ಕ್ ರಾಜ್ಯವು ವಲಸೆಯ ಮೇಲ್ವಿಚಾರಣೆಗಾಗಿ ಆಯುಕ್ತರ ಮಂಡಲಿಯೊಂದನ್ನು ನೇಮಿಸಿತು. ನ್ಯೂಯಾರ್ಕ್ ಮತ್ತು ಬ್ರೂಕ್ಲಿನ್ ನಗರಗಳ ಮೇಯರುಗಳೊಡನೆ, ಐರಿಷ್ ವಲಸಿಗರ ಸಂಘದ ಅಧ್ಯಕ್ಷನಿಗೂ ಜರ್ಮನ್ ಸಂಘದ ಅಧ್ಯಕ್ಷನಿಗೂ ಪದನಿಮಿತ್ತವಾಗಿ ಅದರಲ್ಲಿ ಸ್ಥಾನ ದೊರೆಯಿತು. ಒಂದು ಖಾಸಗಿ ಸಂಘದ ಅಧ್ಯಕ್ಷನು ಕಾನೂನಿನ ಬಲದಿಂದಲೇ ಸರಕಾರಿ ಮಂಡಲಿಯ ಸದಸ್ಯನಾಗುವುದು ಅಪರೂಪದ ಸಂಗತಿ. ಪ್ರತಿಯೊಬ್ಬ ಪ್ರಯಾಣಿಕನ ತಲೆಯ ಮೇಲೆ ವಿಧಿಸಿದ ಸುಂಕದ ಹಣದಿಂದ ಈ ಮಂಡಲಿಯು ವಾರ್ಡ್ಸ್ ದ್ವೀಪದಲ್ಲಿ ಆಸ್ಪತ್ರೆಯನ್ನೂ ಆಶ್ರಯಧಾಮವನ್ನೂ ನಡೆಸಿತು. 1855ರಲ್ಲಿ ಕ್ಯಾಸಲ್ ಗಾರ್ಡನ್ ಎಂಬ ಹಳೆಯ ಕೋಟೆಯನ್ನು ವಲಸಿಗರು ಇಳಿಯುವ ಏಕೈಕ ಠಾಣೆಯನ್ನಾಗಿ ಮಾಡಿ, ದಲ್ಲಾಳಿಗಳನ್ನು ಗೋಡೆಯ ಹೊರಗೆ ನಿಲ್ಲಿಸಿತು. ಜಗತ್ಪ್ರಸಿದ್ಧವಾದ ಎಲಿಸ್ ದ್ವೀಪದ ಠಾಣೆ ತೆರೆದುದು 1892ರಲ್ಲಿ. ಅದಕ್ಕೆ ಮೊದಲು ಮೂವತ್ತೈದು ವರ್ಷಗಳ ಕಾಲ ಈ ಕೆಲಸವೆಲ್ಲ ಕ್ಯಾಸಲ್ ಗಾರ್ಡನ್ನಿನಲ್ಲಿಯೇ ನಡೆಯಿತು.

ಸಂಘವು ಕೈಗೊಂಡ ಕೆಲಸಗಳಲ್ಲಿ ಅದರ ಭವಿಷ್ಯವನ್ನು ನಿರ್ಧರಿಸಿದುದು ಊರಿಗೆ ಹಣ ಕಳುಹಿಸುವ ವ್ಯವಸ್ಥೆ. ಇದರ ಕ್ರಮ ಸರಳವಾದುದು. ನಮ್ಮ ಹಳೆಯ ಸಾಹುಕಾರರ ಹುಂಡಿಯ ಪದ್ಧತಿಯನ್ನು ಬಲ್ಲವರಿಗೆ ವಿವರಣೆಯೇ ಬೇಡ. ಕೂಲಿಕಾರನು ಅಥವಾ ಮನೆಗೆಲಸದ ಹುಡುಗಿಯು ನ್ಯೂಯಾರ್ಕಿನ ಕಚೇರಿಯಲ್ಲಿ ಡಾಲರುಗಳನ್ನು ಕಟ್ಟಿದರೆ, ಸಂಘವು ಅದಕ್ಕೆ ಸಮನಾದ ಪೌಂಡು ಶಿಲ್ಲಿಂಗುಗಳಿಗೆ ಐರ್ಲೆಂಡಿನ ಬ್ಯಾಂಕಿನ ಮೇಲೆ ಹುಂಡಿಯನ್ನು ಬರೆದುಕೊಡುತ್ತಿತ್ತು. ಅದನ್ನು ಕಾಗದದೊಳಗಿಟ್ಟು ಕಳುಹಿಸಿದರೆ, ಊರಿನಲ್ಲಿದ್ದ ತಾಯಿ ತಂದೆಗಳು ಹತ್ತಿರದ ಪೇಟೆಯಲ್ಲಿ ಅದನ್ನು ನಗದು ಮಾಡಿಕೊಳ್ಳುತ್ತಿದ್ದರು. ನಾಣ್ಯವು ಸಮುದ್ರವನ್ನು ದಾಟುತ್ತಿರಲಿಲ್ಲ; ಕಾಗದ ಮಾತ್ರ ದಾಟುತ್ತಿತ್ತು. ಹಣದ ಬದಲು ಹಡಗಿನ ಟಿಕೆಟನ್ನೇ ಇಲ್ಲಿ ಕೊಂಡು ಅಲ್ಲಿಗೆ ಕಳುಹಿಸುವುದೂ ರೂಢಿಯಲ್ಲಿತ್ತು. ಮೊದಲು ಬಂದ ಅಕ್ಕ ತಮ್ಮನನ್ನು ಕರೆಸುವಳು, ತಮ್ಮನು ತಂಗಿಯನ್ನು, ಎಲ್ಲರೂ ಸೇರಿ ಕೊನೆಗೆ ತಾಯಿಯನ್ನು. ಉತ್ತರ ಅಮೆರಿಕೆಯಿಂದ ಹೀಗೆ ಐರ್ಲೆಂಡು ಸೇರಿದ ಹಣವು 1848ರಲ್ಲಿ ಸುಮಾರು 4 ಲಕ್ಷ 60 ಸಾವಿರ ಪೌಂಡು, 1854ರಲ್ಲಿ ಸುಮಾರು 17 ಲಕ್ಷ 30 ಸಾವಿರ ಪೌಂಡು ಎಂದು ಬ್ರಿಟಿಷ್ ವಲಸೆ ಆಯುಕ್ತರು ಅಂದಾಜು ಮಾಡಿದ್ದರು. ಇದು ಅವರಿಗೆ ತಿಳಿದುಬಂದ ಹಣ ಮಾತ್ರ. ಕ್ಷಾಮಕಾಲದ ಸರಕಾರಿ ಪರಿಹಾರದ ಜಿಪುಣತನವನ್ನು ನೆನೆದಾಗ, ಮನೆಗೆಲಸದ ಹೆಣ್ಣುಮಕ್ಕಳು ಕಳುಹಿಸಿದ ಈ ಮೊತ್ತದ ಗೌರವವು ಇನ್ನಷ್ಟು ಹೆಚ್ಚುತ್ತದೆ.

ಹುಂಡಿ ಕೊಳ್ಳಲು ಬಂದವರ ಕೈಯಲ್ಲಿ ಉಳಿದ ಹಣವನ್ನು ಎಲ್ಲಿಡಬೇಕೆಂಬುದು ಮುಂದಿನ ಪ್ರಶ್ನೆಯಾಯಿತು. ನಗರದಲ್ಲಿ ಉಳಿತಾಯ ಬ್ಯಾಂಕುಗಳೇ ಇರಲಿಲ್ಲವೆಂದಲ್ಲ. 1819ರಿಂದಲೇ ಒಂದೊಂದಾಗಿ ಹುಟ್ಟಿಕೊಂಡಿದ್ದವು. ಆದರೆ ಓದುಬರಹವಿಲ್ಲದ, ನಗರದವರ ನಗೆಗೆ ಗುರಿಯಾದ, ಭೂಮಾಲಿಕನ ಕಾರಭಾರಿಯನ್ನು ಬಿಟ್ಟರೆ ಹಣಕಾಸಿನ ಅಧಿಕಾರಿಯನ್ನೇ ಕಂಡರಿಯದ ಹಳ್ಳಿಗರು ಅಪರಿಚಿತರ ಕಟಾಂಜನದ ಮುಂದೆ ನಿಂತು ಹಣ ಒಪ್ಪಿಸುವುದು ಸುಲಭವಲ್ಲ. ಸಂಘದ ಪ್ರಮುಖರು ಹ್ಯೂಸನ ಪ್ರೋತ್ಸಾಹದಿಂದ 1850ರಲ್ಲಿ ರಾಜ್ಯ ಶಾಸನಸಭೆಯಿಂದ ಸನ್ನದು ಪಡೆದು 'ಎಮಿಗ್ರಂಟ್ ಇಂಡಸ್ಟ್ರಿಯಲ್ ಸೇವಿಂಗ್ಸ್ ಬ್ಯಾಂಕ್' ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅದೇ ವರ್ಷದ ಸೆಪ್ಟೆಂಬರ್ 30ರಂದು ಚೇಂಬರ್ಸ್ ಬೀದಿಯ 51ನೆಯ ಸಂಖ್ಯೆಯ ಕಟ್ಟಡದಲ್ಲಿ ಅದು ಬಾಗಿಲು ತೆರೆಯಿತು. ಸಂಘದ ಮುಖಂಡರಲ್ಲೊಬ್ಬನಾಗಿದ್ದ ಗ್ರೆಗರಿ ಡಿಲನ್ ಬ್ಯಾಂಕಿನ ಮೊದಲ ಅಧ್ಯಕ್ಷನಾದನು.

ಇದು ಷೇರುದಾರರಿಲ್ಲದ ಬ್ಯಾಂಕು. ಠೇವಣಿದಾರರೇ ಅದರ ನಿಜವಾದ ಹಕ್ಕುದಾರರು. ವಿಶ್ವಸ್ತರು ಅವರ ಪರವಾಗಿ ಆಡಳಿತ ನಡೆಸುವವರು ಮಾತ್ರ. ಕೂಡಿದ ಹಣವನ್ನು ಸರಕಾರಿ ಸಾಲಪತ್ರಗಳಲ್ಲಿಯೂ ಸ್ಥಿರಾಸ್ತಿಯ ಅಡಮಾನದ ಮೇಲೆಯೂ ತೊಡಗಿಸಲಾಗುತ್ತಿತ್ತು. ಕ್ಯಾಥೊಲಿಕ್ ಚರ್ಚುಗಳ ನಿರ್ಮಾಣಕ್ಕೂ ಸಾಲ ದೊರೆಯಿತು. ಒಂದೇ ಧರ್ಮಪೀಠದ ನೆರಳಿನಲ್ಲಿ ಠೇವಣಿಯೂ ಸಾಲವೂ ನಡೆಯುವುದು ಬ್ಯಾಂಕಿಂಗ್ ದೃಷ್ಟಿಯಿಂದ ನಿರಪಾಯಕರವೆಂದು ಹೇಳಲಾಗದು. ಹ್ಯೂಸನ ನೀತಿಯಲ್ಲಿಯೂ ಟೀಕೆಗೆ ಎಡೆಯುಂಟು. ಐರಿಷರನ್ನು ನಗರದ ಕೊಳಕು ಓಣಿಗಳಿಂದ ಬಿಡಿಸಿ ಪಶ್ಚಿಮದ ಹೊಲಗಳಿಗೆ ಕಳುಹಿಸಬೇಕೆಂದು 1856ರಲ್ಲಿ ಬಫಲೊ ನಗರದಲ್ಲಿ ಸೇರಿದ ಸಮ್ಮೇಳನವು ಯೋಚಿಸಿದಾಗ ಆತನು ಅದನ್ನು ಬಲವಾಗಿ ವಿರೋಧಿಸಿದನು. ಪಾದ್ರಿಗಳಿಲ್ಲದ ಬಯಲಿನಲ್ಲಿ ಜನರು ಚದುರಿಹೋಗುವರೆಂಬ ಆತಂಕ ಅವನದು. ಮುಖಂಡನಿಗೆ ಜನರು ಒಟ್ಟಿಗಿರುವುದು ಅನುಕೂಲ. ಜನರಿಗೆ ಅದು ಯಾವಾಗಲೂ ಅನುಕೂಲವೆಂದು ಹೇಳಲಾಗದು.

ಬ್ಯಾಂಕಿಗೆ ಆರಂಭದಲ್ಲಿಯೇ ಒಂದು ತೊಡಕು ಎದುರಾಯಿತು. ಠೇವಣಿದಾರರಲ್ಲಿ ಅನೇಕರಿಗೆ ಸಹಿ ಮಾಡಲು ಬರುತ್ತಿರಲಿಲ್ಲ. ಅವರು ಗೀಟು ಗುರುತನ್ನು ಹಾಕುತ್ತಿದ್ದರು. ಒಂದು ಗೀಟು ಇನ್ನೊಂದರಂತೆಯೇ ಇರುತ್ತದೆ. ಹೆಸರುಗಳೂ ಸಹಾಯಕ್ಕೆ ಬಾರವು. ಮೇರಿ, ಬ್ರಿಜಿಟ್, ಪ್ಯಾಟ್ರಿಕ್, ಜಾನ್ ಎಂಬ ಹೆಸರಿನವರು ಲೆಕ್ಕವಿಲ್ಲದಷ್ಟು. ಪಾಸುಪುಸ್ತಕವನ್ನು ಕದ್ದು ತಂದವನನ್ನು ಗುರುತಿಸುವ ಬಗೆ ಹೇಗೆ? ಹೆಬ್ಬೆಟ್ಟಿನ ಗುರುತಿನ ಉಪಾಯವು ಆಗಿನ್ನೂ ಬಳಕೆಗೆ ಬಂದಿರಲಿಲ್ಲ. ವಿಲಿಯಂ ಹರ್ಷೆಲ್ ಎಂಬ ಅಧಿಕಾರಿಯು ಬಂಗಾಳದಲ್ಲಿ ಕರಾರುಪತ್ರದ ಮೇಲೆ ಕೈಯ ಅಚ್ಚನ್ನು ಒತ್ತಿಸಿಕೊಂಡು ಆ ದಾರಿಯನ್ನು ತೆರೆದುದು 1858ರಲ್ಲಿ. ನ್ಯೂಯಾರ್ಕಿನ ಗುಮಾಸ್ತರು ಹಿಡಿದ ಮಾರ್ಗ ಬೇರೆ. ಖಾತೆ ತೆರೆಯುವಾಗಲೇ ಮನುಷ್ಯನ ಪೂರ್ವೋತ್ತರವನ್ನೆಲ್ಲ ಕೇಳಿ 'ಟೆಸ್ಟ್ ಬುಕ್' ಎಂಬ ಪುಸ್ತಕದಲ್ಲಿ ಬರೆದುಕೊಳ್ಳುವುದು. ಹಣ ತೆಗೆಯಲು ಬಂದಾಗ ಸಂಶಯ ತೋರಿದರೆ ಅದರಿಂದ ಒಂದೆರಡು ಪ್ರಶ್ನೆ ಕೇಳುವುದು. ನಿನ್ನ ತಾಯಿಯ ತವರಿನ ಹೆಸರೇನು, ಯಾವ ಹಡಗಿನಲ್ಲಿ ಬಂದೆ, ಅಣ್ಣತಮ್ಮಂದಿರು ಎಷ್ಟು ಮಂದಿ? ಕಳ್ಳನಿಗೆ ಇದರ ಉತ್ತರ ತಿಳಿದಿರುವ ಸಂಭವ ಕಡಿಮೆ. ದೂರವಾಣಿಯಲ್ಲಿ ತಾಯಿಯ ಹೆಸರನ್ನು ವಿಚಾರಿಸುವ ಈಚಿನ ಬ್ಯಾಂಕುಗಳ ಪದ್ಧತಿಯೂ ಇದೇ ಜಾತಿಗೆ ಸೇರಿದುದು.

ಗುಮಾಸ್ತನ ಉದ್ದೇಶ ಇಷ್ಟೇ. ಆದರೆ ಅವನ ಪುಸ್ತಕದಲ್ಲಿ ಏನೇನು ಕೂಡಿತೆಂಬುದನ್ನು ನೋಡಬೇಕು. ಖಾತೆಯ ಸಂಖ್ಯೆ, ತಾರೀಖು, ಹೆಸರು, ಕಸುಬು, ನ್ಯೂಯಾರ್ಕಿನ ವಿಳಾಸ. ಹುಟ್ಟಿದ ಕೌಂಟಿ, ಎಷ್ಟೋ ಕಡೆ ಪ್ಯಾರಿಷ್ ಅಥವಾ ಹಳ್ಳಿಯ ಹೆಸರು. ಬಂದ ಹಡಗು, ಬಂದ ವರ್ಷ, ಹೊರಟ ಬಂದರು. ತಂದೆ, ತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು, ಒಡಹುಟ್ಟಿದವರು. ತಂದೆ ತೀರಿಕೊಂಡಿದ್ದಾನೆ, ತಾಯಿ ಊರಿನಲ್ಲಿದ್ದಾಳೆ, ಒಬ್ಬ ಅಣ್ಣ ಇಂಥ ನಗರದಲ್ಲಿದ್ದಾನೆ ಎಂಬ ಬಗೆಯ ಟಿಪ್ಪಣಿಗಳು ಪುಟಪುಟಕ್ಕೂ ಬರುತ್ತವೆ. ಒಬ್ಬ ತೋಟಿಯ ಅಥವಾ ಹಮಾಲಿಯ ಇಷ್ಟು ವಿವರವನ್ನು ಅಂದು ಯಾವ ಸರಕಾರವೂ ಬರೆದಿಡುತ್ತಿರಲಿಲ್ಲ; ಯಾವ ಸ್ಮರಣಸಂಚಿಕೆಯೂ ಅಚ್ಚುಹಾಕುತ್ತಿರಲಿಲ್ಲ.

ಈ ದಾಖಲೆಗಳಿಂದ ಇತಿಹಾಸಕಾರರ ಕೆಲವು ನಂಬಿಕೆಗಳು ಸಡಿಲವಾದವು. ಕ್ಷಾಮಕಾಲದ ಐರಿಷರು ಅಮೆರಿಕೆಯ ನಗರಗಳಲ್ಲಿ ತಲೆಯೆತ್ತಲಾರದ ಬಡವರಾಗಿಯೇ ಉಳಿದರೆಂಬ ಅಭಿಪ್ರಾಯವು ಬಹುಕಾಲ ಪ್ರಚಲಿತವಾಗಿತ್ತು. ಬಾಸ್ಟನ್ ನಗರದ ವಲಸಿಗರನ್ನು ಕುರಿತು ಆಸ್ಕರ್ ಹ್ಯಾಂಡ್ಲಿನ್ 1941ರಲ್ಲಿ ಪ್ರಕಟಿಸಿದ ಪ್ರಸಿದ್ಧ ಗ್ರಂಥವು ಈ ಚಿತ್ರಕ್ಕೆ ಬಹಳ ಬಲ ಕೊಟ್ಟಿತು. ಟೈಲರ್ ಆನ್‌ಬಿಂಡರ್ ಎಂಬ ಇತಿಹಾಸಕಾರನು ಬ್ಯಾಂಕಿನ ಖಾತೆಗಳನ್ನು ಒಂದೊಂದಾಗಿ ಪರಿಶೀಲಿಸಿದಾಗ ಬೇರೊಂದು ಚಿತ್ರ ಕಾಣಿಸಿತು. ಕೆರಿ ಕೌಂಟಿಯ ಕೆನ್ಮೇರ್ ಸುತ್ತಿನಲ್ಲಿ ಲ್ಯಾನ್ಸ್‌ಡೌನ್ ಪ್ರಭುವಿನ ಜಮೀನಿನ ಒಕ್ಕಲುಗಳ ಪ್ರಕರಣ ಇದಕ್ಕೆ ಒಳ್ಳೆಯ ನಿದರ್ಶನ. ಅವರನ್ನು ಸಾಕುವುದಕ್ಕಿಂತ ಹಡಗಿನ ಚಾರ್ಜು ಕೊಟ್ಟು ಸಾಗಹಾಕುವುದೇ ಅಗ್ಗವೆಂದು ಪ್ರಭುವಿನ ಕಾರಭಾರಿ ವಿಲಿಯಂ ಸ್ಟುವರ್ಟ್ ಟ್ರೆಂಚ್ ಲೆಕ್ಕಹಾಕಿ ತೋರಿಸಿದನು. (ಈ ಪ್ರಭುವಿನ ಮೊಮ್ಮಗನೇ ಮುಂದೆ 1888ರಿಂದ 1894ರವರೆಗೆ ಭಾರತದ ವೈಸರಾಯನಾಗಿದ್ದ ಲ್ಯಾನ್ಸ್‌ಡೌನ್.) ಹರಕು ಬಟ್ಟೆಯಲ್ಲಿ ನ್ಯೂಯಾರ್ಕಿಗೆ ಬಂದಿಳಿದ ಈ ಜನರಲ್ಲಿ ಬಹಳ ಮಂದಿ ಫೈವ್ ಪಾಯಿಂಟ್ಸ್ ಎಂಬ ಕುಖ್ಯಾತ ಕೊಳೆಗೇರಿಯಲ್ಲಿ ನೆಲಸಿದರು. ಹತ್ತು ವರ್ಷ ತುಂಬುವುದರೊಳಗಾಗಿ ಅವರಲ್ಲಿ ಅನೇಕರ ಹೆಸರಿನಲ್ಲಿ ಯಾರೂ ನಿರೀಕ್ಷಿಸದಷ್ಟು ಹಣ ಬ್ಯಾಂಕಿನಲ್ಲಿ ಕೂಡಿತ್ತು. ಕೊಳೆಗೇರಿಯ ವಾಸವು ಬಡತನದ ಗುರುತೇ ಆಗಿರಬೇಕಾಗಿಲ್ಲ; ಬಾಡಿಗೆಯನ್ನು ಉಳಿಸಿ ಊರಿಗೆ ಕಳುಹಿಸುವವರ ಮಿತವ್ಯಯವೂ ಆಗಿರಬಹುದು.

ಮನೆಗೆಲಸದ ಹೆಣ್ಣುಮಕ್ಕಳು ಈ ಬ್ಯಾಂಕಿನ ಬಹುದೊಡ್ಡ ಗಿರಾಕಿಗಳಾಗಿದ್ದರು. ಅವರ ಸಂಬಳ ಗಂಡಸರ ಕೂಲಿಗಿಂತ ಕಡಿಮೆ. ಆದರೆ ಊಟವೂ ವಸತಿಯೂ ಒಡೆಯರ ಮನೆಯಲ್ಲಿಯೇ ಇದ್ದುದರಿಂದ ಕೈಗೆ ಬಂದ ಸಂಬಳದ ಹೆಚ್ಚಿನ ಭಾಗ ಉಳಿಯುತ್ತಿತ್ತು. ಕಟ್ಟಡದ ಕೂಲಿಕಾರನು ದಿನಕ್ಕೆ ಸುಮಾರು ಒಂದು ಡಾಲರ್ ಗಳಿಸಿದರೂ ಚಳಿಗಾಲದಲ್ಲಿ ಕೆಲಸವಿಲ್ಲದೆ ಕೂರಬೇಕಾಗುತ್ತಿತ್ತು. ಹೀಗಾಗಿ ಕಡಿಮೆ ಸಂಬಳದವಳ ಪಾಸುಪುಸ್ತಕವು ಹೆಚ್ಚು ಕೂಲಿಯವನದಕ್ಕಿಂತ ದಪ್ಪವಾಗಿರುವುದು ಸಾಧ್ಯವಿತ್ತು. ಆದರೆ ಇಲ್ಲೊಂದು ಎಚ್ಚರಿಕೆ ಅವಶ್ಯಕ. ಖಾತೆ ತೆರೆದವರ ಕಥೆಯನ್ನು ಮಾತ್ರ ಖಾತೆಪುಸ್ತಕ ಹೇಳಬಲ್ಲುದು. ಬಂದ ವರ್ಷವೇ ಜ್ವರದಲ್ಲಿ ಸತ್ತವನು, ಕುಡಿದು ಕಳೆದವನು, ಒಂದು ಡಾಲರನ್ನೂ ಮಿಗಿಸಲಾರದ ವಿಧವೆ ಇವರು ಅದರಲ್ಲಿ ಇಲ್ಲ.

ಬ್ಯಾಂಕಿಂಗ್ ಶಾಸ್ತ್ರದವರಿಗೂ ಇಲ್ಲಿ ವಿಚಾರಯೋಗ್ಯವಾದ ಸಾಮಗ್ರಿಯಿದೆ. 1854ರ ಕೊನೆಯಲ್ಲಿಯೂ 1857ರ ಶರತ್ಕಾಲದಲ್ಲಿಯೂ ಠೇವಣಿದಾರರು ಗಾಬರಿಯಿಂದ ಬ್ಯಾಂಕಿಗೆ ಮುತ್ತಿಗೆ ಹಾಕಿದರು. ಯಾರು ಯಾವ ದಿನ ಹಣ ತೆಗೆದರೆಂಬುದು ಖಾತೆಯಲ್ಲಿದೆ. ಅವರ ಊರು, ಕಸುಬು, ವಾಸದ ಬೀದಿಗಳು ಟೆಸ್ಟ್ ಬುಕ್ಕಿನಲ್ಲಿವೆ. ಎರಡನ್ನೂ ಜೋಡಿಸಿ ಮಾರ್ಗನ್ ಕೆಲಿ ಮತ್ತು ಕಾರ್ಮಕ್ ಓ ಗ್ರಾಡ ಎಂಬ ಐರಿಷ್ ಅರ್ಥಶಾಸ್ತ್ರಜ್ಞರು 2000ದಲ್ಲಿ ಪ್ರಕಟಿಸಿದ ಪ್ರಬಂಧದ ನಿರ್ಣಯವು ಸ್ವಾರಸ್ಯಕರವಾದುದು. ಗಾಬರಿಗೊಂಡವರು ಯಾರು, ಶಾಂತರಾಗಿದ್ದವರು ಯಾರು ಎಂಬುದನ್ನು ನಿರ್ಧರಿಸಿದ ಪ್ರಮುಖ ಅಂಶವು ಐರ್ಲೆಂಡಿನಲ್ಲಿ ಅವರ ಊರು ಯಾವುದು, ನ್ಯೂಯಾರ್ಕಿನಲ್ಲಿ ಅವರ ನೆರೆ ಯಾವುದು ಎಂಬುದೇ. ಒಂದು ಕೌಂಟಿಯವರು ಒಟ್ಟಾಗಿ ಓಡಿದರು, ಇನ್ನೊಂದರವರು ಒಟ್ಟಾಗಿ ನಿಂತರು. ಸುದ್ದಿಯು ವೃತ್ತಪತ್ರಿಕೆಯಿಂದಲ್ಲ, ಊರಿನವರ ಬಾಯಿಂದ ಹರಡುತ್ತಿತ್ತು. ಓ ಗ್ರಾಡನು ಯೂಜೀನ್ ವೈಟ್‌ನೊಡನೆ 2003ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನವು, 1857ರಲ್ಲಿ ಮೊದಲು ಹಣ ತೆಗೆದವರು ವ್ಯವಹಾರಜ್ಞರಾದ ವರ್ತಕರೆಂದೂ ಅರಿಯದವರು ಅವರನ್ನು ಹಿಂಬಾಲಿಸಿದರೆಂದೂ ತೋರಿಸಿತು. ಗಾಬರಿಯು ಅಜ್ಞಾನಿಗಳ ದೋಷವೆಂದು ಬ್ಯಾಂಕಿನವರು ಹೇಳುವ ವಾಡಿಕೆಯ ಮಾತಿಗೆ ಇದು ಸಾಕಷ್ಟು ಉತ್ತರ. ಎರಡು ಸಲವೂ ಬ್ಯಾಂಕು ಉಳಿದುಕೊಂಡಿತು.

ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. 1880ರ ದಶಕದಲ್ಲಿ ಒಂಟಿಯಾಗಿ ಬರುವ ಹೆಣ್ಣುಮಕ್ಕಳ ರಕ್ಷಣೆಗಾಗಿ, 1848ರ ದಂಗೆಯ ನಾಯಕ ಸ್ಮಿತ್ ಓಬ್ರಿಯನ್ನನ ಮಗಳಾದ ಶಾರ್ಲಟ್ ಗ್ರೇಸ್ ಓಬ್ರಿಯನ್ನಳ ಪ್ರಯತ್ನದಿಂದ, ಕ್ಯಾಸಲ್ ಗಾರ್ಡನ್ನಿನ ಬಳಿಯಲ್ಲಿ ಪ್ರತ್ಯೇಕವಾದ ಆಶ್ರಯಸಂಸ್ಥೆಯೊಂದು ಏರ್ಪಟ್ಟು, ಹಳೆಯ ಸಂಘದ ಕೆಲಸದಲ್ಲಿ ಒಂದು ಪಾಲನ್ನು ವಹಿಸಿಕೊಂಡಿತು. ಬ್ಯಾಂಕು ಬೆಳೆಯುತ್ತ ಹೋಯಿತು. ಚೇಂಬರ್ಸ್ ಬೀದಿಯ ಅದೇ ಸ್ಥಳದಲ್ಲಿ 1912ರಲ್ಲಿ ಪೂರ್ಣಗೊಂಡ ಅದರ ಭವ್ಯ ಸೌಧವು ಮುಂದೆ ನಗರಸಭೆಯ ಕೈಸೇರಿತು. 1967ರಲ್ಲಿ ಹೆಸರಿನಿಂದ 'ಇಂಡಸ್ಟ್ರಿಯಲ್' ಎಂಬ ಪದ ಬಿದ್ದುಹೋಯಿತು. 1986ರಲ್ಲಿ ಠೇವಣಿದಾರರ ಸಂಸ್ಥೆಯೆಂಬ ಸ್ವರೂಪವೂ ಹೋಗಿ, ಅದು ಒಂದು ಕುಟುಂಬದ ಒಡೆತನದ ಬ್ಯಾಂಕಾಯಿತು. ಬಡವರ ಹಣದಿಂದ ಬೆಳೆದ ಸಂಸ್ಥೆಯ ಹಣೆಯಬರಹ ಹೀಗಾದುದನ್ನು ಕಂಡು ಮರುಗುವವರಿರಬಹುದು. ಆದರೆ ಹಳೆಯ ಪುಸ್ತಕಗಳು ರದ್ದಿಗೆ ಹೋಗದೆ 1995ರಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯಕ್ಕೆ ದಾನವಾಗಿ ಸಂದವು.

ಅವುಗಳ ಬೆಲೆ ಏನೆಂಬುದು ತಿಳಿಯಬೇಕಾದರೆ ಡಬ್ಲಿನ್ ನಗರದ ಕಡೆಗೆ ನೋಡಬೇಕು. ಐರ್ಲೆಂಡಿನ ಅಂತರ್ಯುದ್ಧ ಆರಂಭವಾದಾಗ, 1922ರ ಜೂನ್ 30ರಂದು, ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯ ಸಂಕೀರ್ಣದಲ್ಲಿದ್ದ ಸರಕಾರಿ ದಫ್ತರಖಾನೆಯು ಸ್ಫೋಟದಿಂದಲೂ ಬೆಂಕಿಯಿಂದಲೂ ನಾಶವಾಯಿತು. 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳ ಮನೆಮನೆಯ ಪಟ್ಟಿಗಳು ಕೆಲವು ಚೂರುಗಳ ಹೊರತು ಅಂದೇ ಬೂದಿಯಾದವು. 1861ರಿಂದ 1891ರವರೆಗಿನವನ್ನು ಅದಕ್ಕೂ ಮೊದಲೇ ಸರಕಾರವೇ ನಾಶಮಾಡಿಸಿತ್ತು. ಕ್ಯಾಥೊಲಿಕ್ ಪ್ಯಾರಿಷ್ಷುಗಳ ದೀಕ್ಷಾಪುಸ್ತಕಗಳು ಆಯಾ ಊರಿನಲ್ಲಿಯೇ ಇದ್ದುದರಿಂದ ಬಹುಮಟ್ಟಿಗೆ ಉಳಿದವು. ಆದರೆ ಅವುಗಳಲ್ಲಿ ಮಗುವಿನ ಹೆಸರು ದೊರೆತರೂ ಆ ಮಗು ಬೆಳೆದು ಎಲ್ಲಿಗೆ ಹೋಯಿತೆಂಬುದು ದೊರೆಯದು. ಅಮೆರಿಕೆಯ ಜನಗಣತಿಯಲ್ಲಿ ಹುಟ್ಟಿದ ಸ್ಥಳವೆಂಬ ಅಂಕಣಕ್ಕೆ ಸಾಮಾನ್ಯವಾಗಿ 'ಐರ್ಲೆಂಡ್' ಎಂಬ ಒಂದೇ ಪದದ ಉತ್ತರ. ಈ ಎರಡು ದಾಖಲೆಗಳ ನಡುವಣ ಸಮುದ್ರವನ್ನು ದಾಟಿಸುವುದು 1850ರಿಂದ 1868ರವರೆಗಿನ ಟೆಸ್ಟ್ ಬುಕ್ಕುಗಳು. ಅಂತರಜಾಲದಲ್ಲಿಯೂ ಅವು ಓದಲು ದೊರೆಯುವಂತಾದ ಮೇಲೆ ಅಮೆರಿಕೆಯಿಂದಲೂ ಐರ್ಲೆಂಡಿನಿಂದಲೂ ಜನರು ತಮ್ಮ ಹಿರಿಯರನ್ನು ಅವುಗಳಲ್ಲಿ ಹುಡುಕುತ್ತಿದ್ದಾರೆ. ಹುಡುಕಾಟ ಸುಲಭವಲ್ಲ. ಹಳ್ಳಿಯ ಹೆಸರನ್ನು ಹೇಳಿದವಳಿಗೆ ಬರೆಯಲು ಬಾರದು, ಬರೆದ ಗುಮಾಸ್ತನು ಆ ಹಳ್ಳಿಯನ್ನು ಕಂಡವನಲ್ಲ. ಅವನು ಕಿವಿಗೆ ಬಿದ್ದಂತೆ ಬರೆದನು. ಆ ಅಕ್ಷರಗಳನ್ನು ಗಟ್ಟಿಯಾಗಿ ಓದಿಕೊಂಡು, ಕೆರಿಯವರ ಉಚ್ಚಾರಣೆಯಲ್ಲಿ ಅದು ಯಾವ ಊರಾಗಿರಬಹುದೆಂದು ನಕ್ಷೆಯನ್ನು ಮುಂದಿಟ್ಟುಕೊಂಡು ಊಹಿಸಬೇಕಾಗುತ್ತದೆ.